ಹೊಳೆಬದಿಯ ಪೊದೆ ಕಡಿಯುವ ಮುನ್ನ

ನೇತ್ರಾವತಿ ಬದಿಯ ತೋಟದವರಿಗೆ 1974ರ ನೆರೆ ಗೊತ್ತು, 2019ರದ್ದೂ ಗೊತ್ತು. ದಡ ಕುಸಿದು ಅಡಿಕೆ ಮರ ಹೊಳೆಪಾಲಾದಾಗ ಮಳೆಯನ್ನು, ಮರಳು ತೆಗೆಯುವವರನ್ನು ದೂರುತ್ತೇವೆ. ಮರಳಿನವರನ್ನು ದೂರಬೇಕಾದದ್ದೇ. ಆದರೆ ದಡದ ಬಿದಿರು, ಹೊಂಗೆ, ಮುಂಡೇವು ಕಡಿದವರು ಯಾರು? “ಇನ್ನೊಂದು ಸಾಲು ಅಡಿಕೆ ಆಗ್ತದಲ್ಲ” ಎಂದು ಹಲವೆಡೆ ನಾವೇ.

ಅಡಿಕೆಯ ಬೇರು ಆಳಕ್ಕೆ ಇಳಿಯುವುದಿಲ್ಲ. ದಡದ ಮಣ್ಣು ಹಿಡಿಯಲು ಒಂದಕ್ಕೊಂದು ಹೆಣೆದುಕೊಳ್ಳುವ ಬಿದಿರಿನ, ಮುಂಡೇವಿನ ಬೇರೇ ಬೇಕು. ಒಂದು ಸಾಲಿನ ಆಸೆಗೆ ನಾಲ್ಕು ಸಾಲು ಹೋದರೆ ಏನು ಲಾಭ ಮಾರಾಯ್ರೆ?

ತಡೆಗೋಡೆಗಾಗಿ ಕಾಯುತ್ತಾ ಕೂರುವ ಬದಲು ಈ ಮಳೆಗಾಲದಲ್ಲೇ ದಡದ ಅಂಚನ್ನು ಗಿಡಗಳಿಗೆ ಬಿಟ್ಟುಕೊಡೋಣ. ಅದೇನೂ ದಂಡದ ಜಾಗವಲ್ಲ. ಹೊಂಗೆ ಸೊಪ್ಪು ತೋಟಕ್ಕೆ ಗೊಬ್ಬರ, ಬಿದಿರಿಗೆ ಬೆಲೆಯಿದೆ, ಮುಂಡೇವಿನ ಓಲೆಯಲ್ಲಿ ಹಿಂದೆ ಚಾಪೆ ಹೆಣೆಯುತ್ತಿದ್ದರು.

ಹತ್ತಿಪ್ಪತ್ತು ಸೆಂಟ್ಸ್ ಇರುವವರಿಗೆ ಜಾಗ ಬಿಡುವುದು ಕಷ್ಟ, ನಿಜ. ಅಂಥವರ ದಡದಲ್ಲಿ ಗಿಡ ನೆಡುವ ಕೆಲಸವನ್ನು ಉದ್ಯೋಗ ಖಾತ್ರಿಯಲ್ಲಿ ಸೇರಿಸಿ ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಆಚೀಚೆ ತೋಟದವರನ್ನೂ ಜತೆಗೆ ಕರೆದುಕೊಂಡೇ ಹೋಗಬೇಕು. ನಾವು ನೆಟ್ಟು ಪಕ್ಕದವರು ಕಡಿದರೆ ಹೊಳೆ ಅಲ್ಲಿಂದಲೇ ಒಳಗೆ ಬರುತ್ತದೆ.