ಗೃಹವೈದ್ಯ: ಕೊರೋನಾ ಸೋಂಕೂ ಚರ್ಮವೂ

ಮೈಮೇಲೆ ಗಂಧೆಯೆದ್ದರೆ ‘ಪಿತ್ತ’ವೆಂದು ಕಂಬಳಿಯಿಂದ ಉಜ್ಜುವ ವಾಡಿಕೆ ನಮ್ಮ ರಾಜಾಜಿನಗರ, ವಿಜಯನಗರಗಳ ಹಿರಿಯರಲ್ಲಿ ಇನ್ನೂ ಉಂಟು. ಆದರೆ ಗಂಧೆ, ಕೆಂಪು ದದ್ದು, ನೀರುಗುಳ್ಳೆ, ಎಳೆಯರ ಕಾಲ್ಬೆರಳುಗಳ ನೇರಿಳೆ ಬಾವು, ಇವು ಕೊರೋನಾ ಸೋಂಕಿನೊಡನೆಯೂ ತೋರಬಹುದೆಂದು 2020ರಿಂದ ವೈದ್ಯರು ಕಂಡುಕೊಂಡಿರುವರು. ಜ್ವರ, ಕೆಮ್ಮುಗಳೊಡನೆ ಇವು ಕಂಡಲ್ಲಿ ಪರೀಕ್ಷೆ ಮಾಡಿಸುವುದು ಲೇಸು. ಬಹುಮಟ್ಟಿಗೆ ಇವು ತಾವಾಗಿಯೇ ಶಮನವಾಗುವುವು. ಜ್ವರ ಬಿಟ್ಟ ಎರಡು ಮೂರು ತಿಂಗಳಿಗೆ ಉದುರುವ ಕೂದಲೂ ಸಾಮಾನ್ಯವಾಗಿ ಮರಳಿ ಬೆಳೆಯುವುದು.

ಉಪೇಕ್ಷಿಸಲಾಗದ ಚಿಹ್ನೆಗಳು ಎರಡು. ಗಾಜಿನ ಲೋಟವನ್ನೊತ್ತಿದರೂ ಮಾಸದ ಕೆನ್ನೀಲಿ ಕಲೆಗಳು ಚರ್ಮದ ಕೆಳಗೆ ರಕ್ತ ಒಸರಿರುವುದರ ಗುರುತಾಗಿರಬಹುದು. ಸೋಂಕು ತಗುಲಿದ್ದ ಮಧುಮೇಹಿಗಳ ಮೂಗು, ಕೆನ್ನೆ, ಅಂಗುಳಗಳು ಕಪ್ಪಿಟ್ಟರೆ ಅದು 2021ರಲ್ಲಿ ಬೆಂಗಳೂರನ್ನು ಕಾಡಿದ ಕಪ್ಪು ಶಿಲೀಂಧ್ರವಾಗಿರಬಹುದು. ಕಣ್ಣನ್ನೂ ಪ್ರಾಣವನ್ನೂ ಕೊಳ್ಳುವಂಥದು. ಇವೆರಡರಲ್ಲಿ ಮನೆಮದ್ದಿಗೆ ಹೊತ್ತು ಕಳೆಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.