ಅಜ್ಜಿಯ ಬಿಪಿ ಇಳಿಯದಿದ್ದರೆ ಮನೆಯ ಕಡೆಗೂ ನೋಡಿ



ಕುಡಿತದ ಬಗ್ಗೆ ಬರೆಯುವಾಗಲೆಲ್ಲ ನಾವು ವೈದ್ಯರು ಕುಡಿಯುವವನ ಲಿವರ್, ಅವನ ಹೃದಯ ಎಂದೇ ಬರೆಯುತ್ತೇವೆ. ಇವತ್ತು ಅವನನ್ನು ಪಕ್ಕಕ್ಕಿಡೋಣ. ಅವನ ಮಕ್ಕಳಿಗೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಡುವವರು ಯಾರು?

ಪುಣೆ, ಮುಂಬೈಯ ನಮ್ಮವರ ಎಷ್ಟೋ ಮನೆಗಳಲ್ಲಿ ಊರಿಂದ ಕರೆಸಿಕೊಂಡ ಅಜ್ಜಿ. ಸೊಸೆ ದುಡಿಯಲು ಹೋಗಲೇಬೇಕು, ಮಗ ಸಂಬಳದ ದಿನ ಮನೆ ಸೇರುವುದು ಯಾವಾಗಲೋ. ವಿಜಯಪುರ, ಕಲಬುರಗಿ ಕಡೆಯ ಹಳ್ಳಿಯಿಂದ ಬಂದ ಈ ಹಿರಿಯರಿಗೆ ಮರಾಠಿ ಬಾರದು, ಶಾಲೆಯಲ್ಲಿ ಕರೆದರೆ ಹೋಗಲು ಅಂಜಿಕೆ. ಊರಲ್ಲಾದರೆ ಕಟ್ಟೆಯ ಮೇಲೆ ಕೂತು ನಾಲ್ಕು ಮಾತಾಡಿ ಹಗುರಾಗುತ್ತಿದ್ದರು. ಇಲ್ಲಿ ಪಕ್ಕದವರಿಗೆ ಗೊತ್ತಾಗಬಾರದೆಂದು ಟಿವಿ ಜೋರು ಮಾಡುತ್ತಾರೆ.

ನನ್ನ ಬಳಿ ಇವರು ಬರುವುದು ಎದೆ ಡವಡವ ಅನ್ನುತ್ತದೆ, ನಿದ್ದೆ ಇಲ್ಲ ಎಂದು. ಎರಡು ಮಾತ್ರೆ ಬರೆದುಕೊಟ್ಟರೂ ಬಿಪಿ 140/90ರ ಕೆಳಗೆ ಬರುವುದಿಲ್ಲ. ಮೆಲ್ಲಗೆ ವಿಚಾರಿಸಿದರೆ ಮಾತ್ರೆ ತಗೊಂಡಿರುವುದು ಅರ್ಧ ತಿಂಗಳು ಮಾತ್ರ, ಉಳಿದ ದುಡ್ಡು ಮೊಮ್ಮಗನ ನೋಟ್‌ಬುಕ್ಕಿಗೆ ಹೋಗಿರುತ್ತದೆ. ಇಂಥವರಿಗೆ "ಟೆನ್ಷನ್ ಮಾಡ್ಕೋಬೇಡಿ ಅಮ್ಮ" ಎಂದು ಹೇಳಿ ಕಳಿಸುವುದು ಚಿಕಿತ್ಸೆಯಲ್ಲ.

ಮಕ್ಕಳ ವಿಷಯ ಹೃದಯದ ಡಾಕ್ಟರಿಗೇಕೆ ಎನ್ನಬಹುದು. 1998ರಲ್ಲಿ ಅಮೆರಿಕದಲ್ಲಿ 9,500ರಷ್ಟು ವಯಸ್ಕರನ್ನು ಅವರ ಬಾಲ್ಯದ ಕಷ್ಟಗಳ ಬಗ್ಗೆ ಕೇಳಿದ ಅಧ್ಯಯನ ಪ್ರಕಟವಾಯಿತು. ಎಲ್ಲಕ್ಕಿಂತ ಹೆಚ್ಚು ಜನ ಹೇಳಿದ್ದು ಮನೆಯೊಳಗಿನ ಕುಡಿತ, ಡ್ರಗ್ಸ್: ನಾಲ್ವರಲ್ಲಿ ಒಬ್ಬರು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಹೃದ್ರೋಗ ಎರಡು ಪಟ್ಟಿಗೂ ತುಸು ಹೆಚ್ಚಿತ್ತು. ಇದು ಹಣೆಬರಹವೇನಲ್ಲ. ನಂಬಿಕೆಯ ಹಿರಿಯರೊಬ್ಬರು ಜೊತೆಗಿದ್ದರೆ ಮಗು ಚೇತರಿಸಿಕೊಳ್ಳುತ್ತದೆ. ಆದರೆ ಆ ಹಿರಿಯರೇ ಹಾಸಿಗೆ ಹಿಡಿದರೆ?

ಆದ್ದರಿಂದ ನೆಂಟರಿಗೆ ನನ್ನದೊಂದು ಮಾತು. "ಹೊಂದಿಕೊಂಡು ಹೋಗಿ" ಎಂಬ ಉಪದೇಶ ಸಾಕು. (ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದವರೂ ಬಹುತೇಕ ನೀವೇ!) ಅದರ ಬದಲು ಶನಿವಾರ ಮಕ್ಕಳನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗಿ, ಅಜ್ಜಿ ಒಂದು ರಾತ್ರಿ ನಿದ್ದೆ ಮಾಡಲಿ. ದುಡ್ಡು ಕೊಡುವುದಾದರೆ ಮಗನ ಕೈಗಲ್ಲ, ನೇರ ಶಾಲೆಗೆ ಕಟ್ಟಿ. ಕನ್ನಡ ಸಂಘಗಳು ರಾಜ್ಯೋತ್ಸವದ ಶಾಮಿಯಾನಕ್ಕೆ ಮಾಡುವ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಭಾನುವಾರ ಎರಡು ತಾಸು ಮಕ್ಕಳಿಗೆ ಪಾಠ ಹೇಳಿಸಿದರೆ, ಅಜ್ಜಿಯಂದಿರು ಹೊರಗೆ ಕೂತು ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡಿಕೊಳ್ಳುತ್ತಾರೆ. ಬಿಪಿಗೆ ಅದೂ ಒಳ್ಳೆಯದೇ.

ಮಗುವಿಗೆ ಹೇಳಬೇಕಾದ್ದು ಸ್ವಲ್ಪವೇ: "ಅಪ್ಪನಿಗೆ ಕಾಯಿಲೆ. ಇದು ನಿನ್ನಿಂದ ಆದದ್ದಲ್ಲ." ಅಪ್ಪನನ್ನು ಕರೆತರಲು ಬಾರಿಗೆ ಮಗುವನ್ನು ಕಳಿಸಬೇಡಿ, ಬಾಟಲಿ ಎಲ್ಲಿಟ್ಟಿದ್ದಾನೆ ಎಂದು ಕೇಳಲೂಬೇಡಿ.

ಇನ್ನೊಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್, ಬಡಬಡಿಕೆ ಬರಬಹುದು, ಪ್ರಾಣವೂ ಹೋಗಬಹುದು. ಆಸ್ಪತ್ರೆಯಲ್ಲೇ ಬಿಡಿಸಬೇಕು. ಹೊಡೆತ ಬಡಿತ ಶುರುವಾದರೆ ಮರ್ಯಾದೆಯ ಯೋಚನೆ ಬೇಡ, 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098.

ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ತಂದೆ ತಾಯಿ ನೋಡಿಕೊಳ್ಳಲಾಗದ ಬಡ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೆರವುಂಟು. ಆದಾಯದ ಮಿತಿ ಇದೆ, ಎಲ್ಲರಿಗೂ ಸಿಗದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಕುಡಿತ ಬಿಡಿಸುವ ಸಲಹೆಗೆ 14446. ಅಜ್ಜಿಗೇ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಟೆಲಿಮಾನಸ್, 14416. 2022ರಿಂದ ಇದೆ, ಉಚಿತ, ಹಗಲು ರಾತ್ರಿ ಸಿಗುತ್ತದೆ. ಭಾಷೆ ಕೇಳಿದಾಗ ಕನ್ನಡ ಆರಿಸಿಕೊಳ್ಳಿ. ಅವರಿಗೆ ಓದಲು ಬಾರದಿದ್ದರೆ ನೀವೇ ಅವರ ಫೋನಿನ ಸ್ಪೀಡ್ ಡಯಲ್‌ಗೆ ಹಾಕಿ, ಒಮ್ಮೆ ಒತ್ತಿ ತೋರಿಸಿಕೊಡಿ. ಹಾಗೆಯೇ ಬಿಪಿ ಮಾತ್ರೆಯ ಚೀಟಿ ತಗೊಂಡು ಜನೌಷಧಿ ಅಂಗಡಿಗೆ ಹೋಗಿ ಬನ್ನಿ, ಅಲ್ಲಿ ದರ ಬಹಳ ಕಡಿಮೆ.