ಬುಧವಾರ ಬಂದ ಕ್ರಿಸ್ಮಸ್

ಕಜ್ಜಾಯದ ಪಾಕವನ್ನು ಅತ್ತೆ ಇವತ್ತಿಗೂ ಬೆರಳಿನಲ್ಲೇ ನೋಡುತ್ತಾರೆ. ಬಟ್ಟಲಿನ ತಣ್ಣೀರಿಗೆ ಕುದಿಯುವ ಬೆಲ್ಲದ ಎರಡು ಹನಿ ಬಿಡಬೇಕು. ಹನಿ ಕರಗಿಹೋದರೆ ಪಾಕ ಎಳಸು. ಕಲ್ಲಿನಂತೆ ತಳ ಸೇರಿದರೆ ಹದ ಮೀರಿತು. ಎರಡು ಬೆರಳ ನಡುವೆ ಮೆತ್ತಗೆ ಉಂಡೆಯಾದಾಗ "ಇಳಿಸಮ್ಮ" ಎನ್ನುತ್ತಾರೆ. ನೆನೆಸಿ, ನೆರಳಲ್ಲಿ ಆರಿಸಿ, ಪಸೆ ಇರುವಾಗಲೇ ಕುಟ್ಟಿ ಜರಡಿ ಹಿಡಿದ ಅಕ್ಕಿಹಿಟ್ಟು ಆಗ ಪಾತ್ರೆಗೆ ಬೀಳುತ್ತದೆ. ಮೂರು ವರ್ಷದಿಂದ ಅತ್ತೆ ಒಲೆಯ ಮುಂದೆ ನಿಲ್ಲುತ್ತಿಲ್ಲ. ಅಡುಗೆಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬಟ್ಟಲನ್ನು ನಾನು ಅವರ ಬಲಗೈ ಹತ್ತಿರ ಹಿಡಿಯುತ್ತೇನೆ. ಎಡಗೈಗೆ ಭಾರ ಕೊಡುವಂತಿಲ್ಲ, ಬಿಗಿಯಾಗಿ ಬಳೆ ತೊಡುವಂತಿಲ್ಲ. ಅಲ್ಲಿ ಫಿಸ್ಟುಲಾ ಇದೆ.

ಡಯಾಲಿಸಿಸ್ ಸೂಜಿ ಹಾಕಲು ಅಪಧಮನಿ ಮತ್ತು ಅಭಿಧಮನಿಯನ್ನು ಸೇರಿಸಿ ಮಾಡಿದ ದಾರಿ ಅದು. ಅದರ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಝುಂ ಎಂದು ಓಡುವುದು ಗೊತ್ತಾಗುತ್ತದೆ. ನನ್ನ ಮಗ ದಿನವೂ ಶಾಲೆಗೆ ಹೋಗುವ ಮುಂಚೆ ಅಜ್ಜಿಯ ಕೈ ಮುಟ್ಟಿ ನೋಡಿ "ಓಡ್ತಾ ಇದೆ ಅಜ್ಜಿ" ಎಂದು ಹೇಳಿ ಹೊರಡುತ್ತಾನೆ. ನಮ್ಮ ಮನೆಯ ಬೆಳಗಿನ ಪ್ರಾರ್ಥನೆಗಳಲ್ಲಿ ಈಗ ಅದೂ ಒಂದು.

ನಾವಿರುವುದು ಉಲ್ಲಾಳದಲ್ಲಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ತವರಿನ ಕಡೆಯವರು ಇದನ್ನು ನೇತ್ರಾವತಿಯ ಆಚೆ ದಡದ, ರಾಣಿ ಅಬ್ಬಕ್ಕನ ಉಲ್ಲಾಳ ಎಂದೇ ತಿಳಿದಿದ್ದರು. ಇದು ಬೆಂಗಳೂರಿನ ಪಶ್ಚಿಮದಲ್ಲಿ, ಕೆಂಗೇರಿಗೂ ಜ್ಞಾನಭಾರತಿಗೂ ನಡುವೆ ಇರುವ ಉಲ್ಲಾಳ. ನನ್ನ ತವರಿನದು ಕೊಂಕಣಿ ಮಾತಾಡುವ ಮಂಗಳೂರಿನ ಮನೆ. ಅಲ್ಲಿ ಕ್ರಿಸ್ಮಸ್ ಎಂದರೆ ಕುಸ್ವಾರ್: ನೆವ್ರಿ, ಕಿಡ್ಯೊ, ಗುಳಿಯೊ, ತುಕ್ಡಿ. ಅತ್ತೆಯ ತವರು ಕನಕಪುರ ಸೀಮೆ. ಅಲ್ಲಿನ ಕನ್ನಡ ಕ್ರೈಸ್ತರ ಹಬ್ಬದಲ್ಲಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ. ಹೀಗೆ ಎರಡು ಸೀಮೆಯ ತಿಂಡಿ ಒಂದೇ ತಟ್ಟೆಯಲ್ಲಿ ಸೇರಿ ಬೀದಿಯ ಹತ್ತು ಮನೆಗೆ ಹೋಗುತ್ತಿತ್ತು.

ಆ ತಟ್ಟೆಯನ್ನು ಈಗ ಮೂತ್ರಪಿಂಡದ ವೈದ್ಯರ ಚೀಟಿ ಪಕ್ಕದಲ್ಲಿಟ್ಟು ನೋಡಿದರೆ ಎದೆ ಭಾರವಾಗುತ್ತದೆ. ಬೆಲ್ಲ, ಕೊಬ್ಬರಿ, ಒಣದ್ರಾಕ್ಷಿ, ಖರ್ಜೂರ, ಬಾಳೆಹಣ್ಣು ಎಲ್ಲದರಲ್ಲೂ ಪೊಟ್ಯಾಸಿಯಂ ಇದೆ. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಎಳ್ಳಿನಲ್ಲಿ ರಂಜಕ, ಚಕ್ಕುಲಿಯಲ್ಲಿ ಉಪ್ಪು. ಉಪ್ಪು ಬಾಯಾರಿಸುತ್ತದೆ, ಆದರೆ ನೀರಿಗೂ ಲೆಕ್ಕವಿದೆ. ಒಂದು ಬಾಟಲಿಗೆ ಗೆರೆ ಹಾಕಿ ಕೊಡುತ್ತೇವೆ, ಇಡೀ ದಿನಕ್ಕೆ ಅಷ್ಟೇ. ಆರೋಗ್ಯವಂತರ ಮೂತ್ರಪಿಂಡ ವಾರದ 168 ಗಂಟೆಯೂ ದುಡಿಯುತ್ತದೆ. ಅತ್ತೆಯ ಪಾಲಿಗೆ ಆ ಕೆಲಸವನ್ನು ಯಂತ್ರ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಅಂದರೆ 12 ಗಂಟೆಯಲ್ಲಿ ಮಾಡಿ ಮುಗಿಸಬೇಕು. ಇದಕ್ಕೆಲ್ಲ ಮೂಲ ಅವರ ಹಳೆಯ ಸಕ್ಕರೆ ಕಾಯಿಲೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ಹಾಗಾದರೆ ನಮ್ಮದು ವಿರಳವಾದ ಕಥೆಯೇನೂ ಅಲ್ಲ. ಹೆಸರು ಬೇರೆಯಾದರೂ ದೀಪಾವಳಿಯಲ್ಲಿ, ರಂಜಾನಿನಲ್ಲಿ, ಯುಗಾದಿಯಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ ನಡೆಯುತ್ತಿರುತ್ತದೆ.

ಅತ್ತೆಯ ಸರದಿ ಸೋಮವಾರ, ಬುಧವಾರ, ಶುಕ್ರವಾರ. 2024ರ ಡಿಸೆಂಬರ್ 25 ಬುಧವಾರ ಬಂತು.

ನವೆಂಬರಿನಲ್ಲಿ ಕ್ಯಾಲೆಂಡರ್ ನೋಡಿದ ದಿನವೇ ಮನೆಯಲ್ಲಿ ಮಾತು ಶುರುವಾಯಿತು. ಈ ವರ್ಷ ಹಬ್ಬ ಬೇಡ, ಮನೆಯಲ್ಲಿ ಕಾಯಿಲೆ ಇರುವಾಗ ಎಂಥ ಹಬ್ಬ ಎಂದರು ಒಬ್ಬರು. ಗೋದಲಿ ಮಾತ್ರ ಕಟ್ಟೋಣ, ತಿಂಡಿ ಬೇಡ, ಅವರ ಕಣ್ಣೆದುರು ತಿನ್ನುವುದು ಹೇಗೆ ಎಂದರು ಇನ್ನೊಬ್ಬರು. ನಾನೂ ಮಾತಾಡಿದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಅವರ ಬಗ್ಗೆ, ಅವರ ಮುಂದೆಯೇ, ಅವರನ್ನು ಒಂದು ಮಾತೂ ಕೇಳದೆ ನಾವು ಅರ್ಧ ಗಂಟೆ ತೀರ್ಮಾನ ಮಾಡುತ್ತಿದ್ದೆವು. ಕೊನೆಗೆ ಅವರೇ ಕೇಳಿದರು: "ನನ್ನ ಕಿಡ್ನಿ ಹೋಗೈತೆ, ನಾಲ್ಕು ಮನೆಗೆ ತಟ್ಟೆ ಕಳ್ಸೋ ಆಸೇನೂ ಹೋಯ್ತು ಅಂದ್ಕೊಂಡ್ರಾ?"

ಆ ಪ್ರಶ್ನೆ ನನ್ನನ್ನು ವರ್ಷವಿಡೀ ಕಾಡಿದೆ. ಕಾಯಿಲೆಯ ಮನೆಯಲ್ಲಿ ಹಬ್ಬವನ್ನು ಹೇಗೆ ಮಾಡಬೇಕು ಎಂಬುದಕ್ಕೆ ಸಂಪ್ರದಾಯ ಏನು ಹೇಳುತ್ತದೆ ಎಂದು ಹುಡುಕಿದೆ. ಹುಡುಕಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ನಾವು ಬಗ್ಗಿಸಬಾರದು ಎಂದು ಹೆದರುವ ನಿಯಮಗಳನ್ನು ಧರ್ಮಸಭೆಯೇ ಕಾಯಿಲೆಯವರಿಗಾಗಿ ಮತ್ತೆ ಮತ್ತೆ ಬಗ್ಗಿಸಿದೆ.

ಉಪವಾಸದ ನಿಯಮವನ್ನೇ ನೋಡಿ. ಹಿಂದೆ ಬೆಳಗಿನ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಬೇಕಾದರೆ ಹಿಂದಿನ ನಡುರಾತ್ರಿಯಿಂದ ಒಂದು ತೊಟ್ಟು ನೀರೂ ಕುಡಿಯುವಂತಿರಲಿಲ್ಲ. ಮರಣಶಯ್ಯೆಯಲ್ಲಿದ್ದವರಿಗೆ, ಬಹುಕಾಲ ಹಾಸಿಗೆ ಹಿಡಿದವರಿಗೆ ಒಂದಿಷ್ಟು ವಿನಾಯಿತಿ ಇತ್ತಷ್ಟೆ. 1953ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ನೀರು ಕುಡಿದರೆ ಉಪವಾಸ ಕೆಡದು ಎಂದರು, ಕಾಯಿಲೆಯವರು ಔಷಧಿ ತೆಗೆದುಕೊಳ್ಳಲು ದಾರಿ ಮಾಡಿದರು. 1957ರಲ್ಲಿ ಊಟದ ಉಪವಾಸ ಮೂರು ಗಂಟೆಗೆ ಇಳಿಯಿತು. 1964ರಲ್ಲಿ ಆರನೆಯ ಪೌಲರ ಕಾಲಕ್ಕೆ ಒಂದು ಗಂಟೆಯಾಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿ ಇನ್ನೂ ಮುಂದೆ ಹೋಯಿತು. ವಯಸ್ಸಾದವರು, ಕಾಯಿಲೆಯವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದು. ಅವರನ್ನು ನೋಡಿಕೊಳ್ಳುವವರಿಗೂ ಅದೇ ರಿಯಾಯಿತಿ.

ಆ ಕೊನೆಯ ಮಾತನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೊತ್ತಿಗೆ ಸರಿಯಾಗಿ ಊಟ ಮಾಡಲಾಗದವರು ರೋಗಿಯೊಬ್ಬರೇ ಅಲ್ಲ, ರೋಗಿಯ ಪಕ್ಕದಲ್ಲಿ ಎದ್ದು ಕೂತವರೂ ಹೌದು ಎಂದು ಕಾನೂನು ಬರೆದವರಿಗೆ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿದೆ?

ಇನ್ನೊಂದು ಬದಲಾವಣೆ ಎಣ್ಣೆ ಹಚ್ಚುವ ಸಂಸ್ಕಾರದ್ದು. ಬಹುಕಾಲ ಅದನ್ನು ಅಂತ್ಯಾಭ್ಯಂಗ ಎಂದೇ ಕರೆಯುತ್ತಿದ್ದರು. ಗುರುಗಳು ಎಣ್ಣೆಯೊಂದಿಗೆ ಬಂದರೆಂದರೆ ಆ ಮನೆಯಲ್ಲಿ ಸಾವು ಹತ್ತಿರವಾಯಿತು ಎಂದು ಬೀದಿಯೇ ತಿಳಿಯುತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ಅದರ ವಿಧಿಯನ್ನು ತಿದ್ದಿ ಗಂಭೀರ ಕಾಯಿಲೆಯವರಿಗೆ ಬಲ ಕೊಡುವ ಸಂಸ್ಕಾರವಾಗಿ ರೂಪಿಸಿದರು. ಆದರೆ ಹಳೆಯ ಅರ್ಥ ಅಷ್ಟು ಬೇಗ ಹೋಗುವುದಿಲ್ಲ. ಕಳೆದ ಸಲ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ನಮ್ಮ ಧರ್ಮಕೇಂದ್ರದ ಗುರುಗಳು ಮನೆಗೆ ಬಂದು ಎಣ್ಣೆಯ ಪುಟ್ಟ ಡಬ್ಬಿ ತೆರೆದಾಗ ಅತ್ತೆ ಕೇಳಿದರು, "ಇದು ಕೊನೇದಾ ಫಾದರ್?"

"ಇಲ್ಲಮ್ಮ, ಇದು ಕಾಯಿಲೆಯವರಿಗೆ. ಮುಂದಿನ ವರ್ಷಾನೂ ಬಂದು ಹಚ್ತೀನಿ."

ಅತ್ತೆ ಆಗ ಹಣೆ ಮುಂದೆ ಮಾಡಿ, ಎರಡೂ ಅಂಗೈ ಬಿಚ್ಚಿದರು.

ಇನ್ನು ದಿನದ ಪ್ರಶ್ನೆ. ಯೇಸು ಯಾವ ದಿನ ಹುಟ್ಟಿದರು ಎಂದು ಸುವಾರ್ತೆಗಳಲ್ಲಿಲ್ಲ. ರೋಮಿನಲ್ಲಿ ಡಿಸೆಂಬರ್ 25ರ ಆಚರಣೆ ನಾಲ್ಕನೆಯ ಶತಮಾನದ ಹೊತ್ತಿಗೆ ನಡೆಯುತ್ತಿತ್ತು. ಅರ್ಮೇನಿಯಾದ ಧರ್ಮಸಭೆ ಇಂದಿಗೂ ಜನವರಿ 6ರಂದು ಆಚರಿಸುತ್ತದೆ. ನಮ್ಮ ಕಥೋಲಿಕ ಪಂಚಾಂಗದಲ್ಲೂ ಕ್ರಿಸ್ಮಸ್ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಡಿಸೆಂಬರ್ 25ರಿಂದ ಜನವರಿ 1ರವರೆಗೆ ಎಂಟೂ ದಿನ ಹಬ್ಬವೇ. ನಡುರಾತ್ರಿ ಪೂಜೆಯೂ ಹಾಗೆಯೇ. 2020ರಲ್ಲಿ ಕೊರೊನಾ ಕಾರಣಕ್ಕೆ ಪೋಪ್ ಫ್ರಾನ್ಸಿಸ್ ವ್ಯಾಟಿಕನ್ನಿನಲ್ಲಿ ಆ ಪೂಜೆಯನ್ನು ಸಂಜೆ 7.30ಕ್ಕೇ ಅರ್ಪಿಸಿದರು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಡಿಸೆಂಬರ್ 24ರಿಂದ ರಾತ್ರಿ ಕರ್ಫ್ಯೂ ಎಂದು ಸಾರಿ, ಅದೇ 24ರಂದು ಹಿಂದಕ್ಕೆ ತೆಗೆದುಕೊಂಡರು. ಲೋಕಕ್ಕೆಲ್ಲ ಕಾಯಿಲೆ ಬಂದಾಗ ಹಬ್ಬದ ಗಂಟೆ ಸರಿದಿತ್ತು. ಒಬ್ಬ ಮುದುಕಿಗೆ ಕಾಯಿಲೆ ಬಂದಾಗ ಸರಿಯಬಾರದೇ?

ಹೀಗಾಗಿ ನಮ್ಮ ಮನೆಯ ಹಬ್ಬ 26ರ ಗುರುವಾರಕ್ಕೆ ಹೋಯಿತು. ಡಯಾಲಿಸಿಸ್ ಆದ ಮರುದಿನ ಅತ್ತೆಗೆ ಸ್ವಲ್ಪ ಹಗುರ, ಊಟವೂ ಸೇರುತ್ತದೆ. 25ರಂದು ಬೆಳಿಗ್ಗೆ ಯಂತ್ರದ ಸರದಿ ಇತ್ತು. ನನ್ನ ಯಜಮಾನರಿಗೆ ಅಂದು ಡ್ಯೂಟಿ. ರಾತ್ರಿ ಪೂಜೆಗೂ ನಾನು ಹೋಗಿರಲಿಲ್ಲ. ಪಕ್ಕದ ಮನೆಯ ಗೌಡರ ಹೆಂಡತಿ ಆರು ಗಂಟೆಗೇ ಸ್ವೆಟರ್ ಹಾಕಿಕೊಂಡು ಬಾಗಿಲಿಗೆ ಬಂದರು. "ನೀವು ಪೂಜೆಗೆ ಹೋಗ್ಬನ್ನಿ. ಅಮ್ಮನ ಹತ್ರ ನಾನು ಕೂತಿರ್ತೀನಿ" ಎಂದರು. ನಾಲ್ಕು ಗಂಟೆ ಕೂತರು. 919ನೇ ವಿಧಿಯನ್ನು ಅವರು ಓದಿಲ್ಲ, ಓದುವ ಅಗತ್ಯವೂ ಅವರಿಗಿಲ್ಲ.

ಹೀಗೆ ಪಕ್ಕದಲ್ಲಿ ಕೂರುವವರು ಎಲ್ಲ ಕಾಯಿಲೆಯವರಿಗೂ ಸಿಕ್ಕಿರಲಿಲ್ಲ. ಮಾಗಡಿ ರಸ್ತೆಯ ಸುಮನಹಳ್ಳಿ ನಮಗೆ ದೂರವಲ್ಲ. ರಿಂಗ್ ರಸ್ತೆಯ ಸಿಗ್ನಲ್ಲಿನ ಹೆಸರಾಗಿ ಬಹಳ ಜನಕ್ಕೆ ಅದು ಗೊತ್ತು. ಬೆಂಗಳೂರು ಮಹಾಧರ್ಮಕ್ಷೇತ್ರ 1970ರ ದಶಕದ ಕೊನೆಯಲ್ಲಿ ಅಲ್ಲಿ ಕುಷ್ಠರೋಗಿಗಳಿಗಾಗಿ ಪುನರ್ವಸತಿ ಕೇಂದ್ರ ತೆರೆಯಿತು. ಆ ಕಾಲದಲ್ಲಿ ಕುಷ್ಠ ಬಂದವರನ್ನು ಹಬ್ಬದ ದಿನ ಪಂಕ್ತಿಗೆ ಕೂರಿಸುವುದಿರಲಿ, ಮನೆಯ ಹೊಸಿಲಿಗೂ ಬಿಡದವರಿದ್ದರು. ಮುಂದೆ ಬಹುಔಷಧ ಚಿಕಿತ್ಸೆ ಬಂದು ಕಾಯಿಲೆ ವಾಸಿಯಾಗತೊಡಗಿತು. ಆದರೂ ಎಷ್ಟೋ ಜನರನ್ನು ಮನೆಯವರು ಮರಳಿ ಕರೆಯಲಿಲ್ಲ. ಮೈಯ ರೋಗಕ್ಕೆ ಮದ್ದು ಸಿಕ್ಕಿದ ಮೇಲೂ ಹಬ್ಬದಿಂದ ಹೊರಗುಳಿದ ನೋವಿಗೆ ಮದ್ದು ಸಿಗಲಿಲ್ಲ. ಇಂದು ನಾವು ಯಾರನ್ನೂ ಊರಾಚೆ ಇಡುವುದಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿಸಿ, ಬಾಗಿಲು ಮುಂದೆ ಮಾಡಿ, ತೊಂದರೆಯಾಗದಿರಲಿ ಎಂದು ಪಿಸುಮಾತಿನಲ್ಲಿ ಹಬ್ಬ ಮಾಡುತ್ತೇವೆ. ಅದೂ ಹೊರಗಿಡುವುದೇ.

ಬದಲಾವಣೆಯಲ್ಲಿ ನಷ್ಟವೇ ಇಲ್ಲ ಎಂದು ನಾನು ಹೇಳಲಾರೆ. ತಮ್ಮ ಕೈಯಳತೆಯ ಕಜ್ಜಾಯವನ್ನು ಅತ್ತೆ ಈಗ ಚಿವುಟಿದಷ್ಟು ಬಾಯಿಗೆ ಹಾಕಿಕೊಂಡು, ಹದ ನೋಡಿ, ಉಳಿದದ್ದನ್ನು ಮೊಮ್ಮಗನ ಕೈಗಿಡುತ್ತಾರೆ. ಐವತ್ತು ವರ್ಷ ಊರಿಗೆಲ್ಲ ಮಾಡಿ ಹಾಕಿದವರಿಗೆ ಒಂದು ಪೂರ್ತಿ ಕಜ್ಜಾಯ ತಿನ್ನುವ ಯೋಗವಿಲ್ಲ ಎಂಬುದು ನೋವಿನ ಸಂಗತಿ. ಯಾವ ವಿಧಿಯ ತಿದ್ದುಪಡಿಯೂ ಅದನ್ನು ಸರಿಮಾಡದು. ಆದರೆ ಪಾಕ ನೋಡುವ ಬೆರಳು ಅವರದೇ. ಯಾವ ಮನೆಗೆ ಎಷ್ಟು ಹೋಗಬೇಕು ಎಂದು ಎಣಿಸುವವರೂ ಅವರೇ. ಹಬ್ಬದ ಯಜಮಾನಿಕೆ ಅವರ ಕೈಯಲ್ಲೇ ಇದೆ. ನಾವು ಉಳಿಸಿಕೊಳ್ಳಬೇಕಾದ ಸಂಪ್ರದಾಯ ಅದು. ತಾರೀಖು, ಗಂಟೆ, ಉಪ್ಪು, ಬೆಲ್ಲ ಎಲ್ಲವನ್ನೂ ಬದಲಿಸಬಹುದು.

ಈ ಡಿಸೆಂಬರಿನಲ್ಲಿ ಕಾಯಿಲೆಯವರಿರುವ ಮನೆಗೆ ಹೋಗುವವರಿಗೆ ನನ್ನದೊಂದು ಕೋರಿಕೆ. ಹೋಗುವ ಮುಂಚೆ ಫೋನ್ ಮಾಡಿ, ಯಾವ ಹೊತ್ತು ಅನುಕೂಲ ಎಂದು ಕೇಳಿ. ಒಣಹಣ್ಣಿನ ಡಬ್ಬಿ ಒಯ್ಯುವ ಮೊದಲು ಅವರು ಏನು ತಿನ್ನಬಹುದು ಎಂದು ವಿಚಾರಿಸಿ. ರೋಗಿಯ ಜೊತೆ ನೇರವಾಗಿ ಮಾತಾಡಿ, ಅವರ ಬಗ್ಗೆ ಪಕ್ಕದವರ ಹತ್ತಿರ ಮಾತಾಡಬೇಡಿ. ಸಾಧ್ಯವಾದರೆ ಅವರನ್ನು ನೋಡಿಕೊಳ್ಳುವವರಿಗೆ ನಿಮ್ಮ ನಾಲ್ಕು ಗಂಟೆ ಕೊಡಿ. ಅದಕ್ಕಿಂತ ದೊಡ್ಡ ಉಡುಗೊರೆ ನನಗೆ ಗೊತ್ತಿಲ್ಲ.

2025ರಲ್ಲಿ ಡಿಸೆಂಬರ್ 25 ಗುರುವಾರ. ಯಂತ್ರದ ಸರದಿ ಇಲ್ಲ, ಅತ್ತೆ ಬೆಳಗಿನ ಪೂಜೆಗೆ ಬರುತ್ತಾರೆ. 2026ರಲ್ಲಿ ಅದು ಶುಕ್ರವಾರ. ಆಗ ನಮ್ಮ ಮನೆಯ ಕ್ರಿಸ್ಮಸ್ ಶನಿವಾರ.